ಅಜ್ಜನ ಕಡತ, ಅಜ್ಜಿಯ ಅಡಕೊತ್ತು: ಮ್ಯೂಸಿಯಂಗೆ ಕೊಡುವ ಮುನ್ನ

ಪುಣೆಯ ಮಗರಪಟ್ಟಾದಲ್ಲಿ ನೆಲೆಸಿರುವ ಕನ್ನಡದ ಮನೆಗಳಿಗೆ ಒಂದಲ್ಲ ಒಂದು ದಿನ ಈ ಫೋನ್ ಬರುತ್ತದೆ. ಗದಗದಿಂದಲೋ ಬೈಲಹೊಂಗಲದಿಂದಲೋ ಇಂಡಿಯಿಂದಲೋ ಅಣ್ಣ ಅಥವಾ ಕಾಕಾ ಮಾತಾಡುತ್ತಾರೆ. ಊರ ಮನೆ ಮಾರಾಟಕ್ಕೆ ಕುದುರಿದೆ, ಮುಂದಿನ ತಿಂಗಳು ಖಾಲಿ ಮಾಡಿಕೊಡಬೇಕು, ಅಟ್ಟದ ಮೇಲಿನ ಸಾಮಾನು ಏನು ಮಾಡೋಣ ಹೇಳು. ಇಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಹಂಡೆ ಇಡಲು ಜಾಗವಿಲ್ಲ, ಬೀಸುವ ಕಲ್ಲಂತೂ ದೂರದ ಮಾತು. ‘ನೀವೇ ಏನಾದರೂ ಮಾಡಿ’ ಎಂದು ಫೋನ್ ಇಡುತ್ತೇವೆ. ತಾಮ್ರ, ಹಿತ್ತಾಳೆ ತೂಕಕ್ಕೆ ಹೋಗುತ್ತವೆ. ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಕಾಗದದ ಗಂಟು ರದ್ದಿಗೆ ಹೋಗುತ್ತದೆ. ಹೀಗೆ ತೂಕಕ್ಕೆ ಹೋದ ಎಷ್ಟೋ ವಸ್ತುಗಳು ಬುಧವಾರ, ಭಾನುವಾರ ಪುಣೆಯ ಜೂನಾ ಬಜಾರಿನಲ್ಲಿ ಚಾಪೆಯ ಮೇಲೆ ಕೂತಿರುತ್ತವೆ. ಯಾವ ಊರಿನದು, ಯಾರ ಮನೆಯದು ಎಂದು ಕೇಳಿದರೆ ಮಾರುವವನಿಗೂ ಗೊತ್ತಿರುವುದಿಲ್ಲ.

ಇವುಗಳಲ್ಲಿ ಕೆಲವನ್ನಾದರೂ ವಸ್ತುಸಂಗ್ರಹಾಲಯಕ್ಕೆ ಕೊಡಬಹುದು. ಕೊಡಬೇಕು ಎಂಬ ಮನಸ್ಸೂ ಹಲವರಿಗಿದೆ, ದಾರಿ ಗೊತ್ತಿಲ್ಲ ಅಷ್ಟೆ. ‘ನಮ್ಮದೇನು ಅರಮನೆಯೇ, ನಮ್ಮ ಸೇರು ಪಾವು ಯಾರಿಗೆ ಬೇಕು’ ಎಂಬ ಸಂಕೋಚ ಬೇರೆ. ಆ ಸಂಕೋಚ ಬೇಡ. ನಾವು ಇವತ್ತು ಲಿಫ್ಟ್ ಏರಿ ಇಳಿಯುವ ಈ ಜಾಗವೇ ಮೊನ್ನೆ ಮೊನ್ನೆಯವರೆಗೆ ಕಬ್ಬಿನ ಹೊಲವಾಗಿತ್ತು. ಮಗರ್ ಮನೆತನದವರೂ ನೆರೆಯ ರೈತರೂ ಸೇರಿ ಸುಮಾರು 120 ಕುಟುಂಬಗಳು 400 ಎಕರೆಯಷ್ಟು ಜಮೀನು ಒಟ್ಟುಗೂಡಿಸಿ, ತಾವೇ ಷೇರುದಾರರಾಗಿ 2000ದ ಸುಮಾರಿಗೆ ಈ ನಗರ ಕಟ್ಟಲು ಶುರುಮಾಡಿದರು. ಈ ಮಣ್ಣಿನಲ್ಲಿ ಓಡಾಡಿದ ಕುಂಟೆ, ರಂಟೆ, ಕೂರಿಗೆಗಳನ್ನು ಹಿಡಿದ ಕೈಗಳು ಇನ್ನೂ ಬದುಕಿವೆ. ಒಂದು ತಲೆಮಾರಿನೊಳಗೆ ಊರು ಹೀಗೆ ಬದಲಾಗುವಾಗ, ಇತಿಹಾಸದ ವಸ್ತು ಎನ್ನಿಸಿಕೊಳ್ಳಲು ಮುನ್ನೂರು ವರ್ಷ ಕಾಯಬೇಕಾಗಿಲ್ಲ.

ಈ ಮಾತಿಗೆ ಸಾಕ್ಷಿ ಬೇಕಾದವರು ಶುಕ್ರವಾರ ಪೇಟೆಯ ರಾಜಾ ದಿನಕರ್ ಕೇಳ್ಕರ್ ಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬರಬೇಕು. ದಿನಕರ್ ಗಂಗಾಧರ್ ಕೇಳ್ಕರ್ (1896–1990) ಮರಾಠಿಯಲ್ಲಿ ‘ಅಜ್ಞಾತವಾಸಿ’ ಎಂಬ ಹೆಸರಿನಲ್ಲಿ ಕವಿತೆ ಬರೆಯುತ್ತಿದ್ದವರು. ಏಳನೇ ವಯಸ್ಸಿನಲ್ಲೇ ತೀರಿಕೊಂಡ ಮಗ ರಾಜಾನ ನೆನಪಿಗೆ ಸಂಗ್ರಹಾಲಯ ಕಟ್ಟಿದರು. 1975ರಲ್ಲಿ ಅಷ್ಟನ್ನೂ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಸುಮಾರು 20,000 ವಸ್ತುಗಳು. ಅಲ್ಲಿ ಜನ ಹೆಚ್ಚು ಹೊತ್ತು ನಿಲ್ಲುವುದು ದೀಪಗಳ ಮುಂದೆ, ಅಡಕೊತ್ತುಗಳ ಮುಂದೆ, ಹಿಮ್ಮಡಿ ಉಜ್ಜುವ ವಜ್ರಿಗಳ ಮುಂದೆ, ಬೀಗಗಳ ಮುಂದೆ. ಅಡಿಗೆಮನೆ, ಪಡಸಾಲೆ, ಬಚ್ಚಲಿನ ವಸ್ತುಗಳೇ ಹೆಚ್ಚು. ನಿಮ್ಮ ಅಜ್ಜಿಯ ಎಲೆ ಅಡಕೆ ಚಂಚಿಯೊಳಗಿನ ಅಡಕೊತ್ತು ಅಲ್ಲಿರುವ ಅಡಕೊತ್ತುಗಳ ಬಳಗದ್ದೇ.

ವಸ್ತುವಿನ ಜೊತೆ ಅದರ ವೃತ್ತಾಂತವನ್ನೂ ಕೊಡಿ

ಈ ಲೇಖನದಲ್ಲಿ ಒಂದೇ ಒಂದು ಸಂಗತಿ ನೆನಪಿಡುವುದಾದರೆ ಇದನ್ನು ನೆನಪಿಡಿ. ಹಿತ್ತಾಳೆ ಸೇರು ಸಾವಿರಗಟ್ಟಲೆ ಸಿಗುತ್ತವೆ. ಯಾರದು, ಎಲ್ಲಿಯದು, ಯಾವ ಕೆಲಸಕ್ಕೆ ಬಳಸಿದ್ದು ಎಂದು ಗೊತ್ತಿರುವ ಸೇರು ಸಿಗುವುದು ಅಪರೂಪ. ಆ ಮಾಹಿತಿ ನಿಮ್ಮ ಮನೆಯ ಹಿರಿಯರ ಹತ್ತಿರ ಮಾತ್ರ ಇದೆ. ಅವರು ಹೋದರೆ ಅದೂ ಹೋಯಿತು.

ನಮ್ಮ ಮೈಸೂರಿನದೇ ಒಂದು ಉದಾಹರಣೆ ಇದೆ. ಕೌಟಿಲ್ಯನ ‘ಅರ್ಥಶಾಸ್ತ್ರ’ದ ತಾಳೆಗರಿ ಪ್ರತಿ 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂತು. ಅಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು ಅದು ಏನೆಂದು ಗುರುತಿಸಿದರು, 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ತಂದರು. ಪ್ರಾಚೀನ ಭಾರತದ ರಾಜ್ಯಾಡಳಿತದ ಬಗ್ಗೆ ಜಗತ್ತು ತಿಳಿದದ್ದೇ ಆಗ ಬದಲಾಯಿತು. ಆ ಪ್ರತಿಯನ್ನು ತಂದುಕೊಟ್ಟವರು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು. ಶಾಸ್ತ್ರಿಗಳ ಮುನ್ನುಡಿಯಲ್ಲಿ ಅವರು ಅಷ್ಟೇ ಆಗಿ ಉಳಿದಿದ್ದಾರೆ, ಹೆಸರಿಲ್ಲ. ಆ ಗರಿಗಳು ಅವರ ಮನೆಗೆ ಹೇಗೆ ಬಂದವು, ಯಾರು ಓದುತ್ತಿದ್ದರು, ಯಾವ ಊರಿನ ಯಾವ ಮನೆತನ ಅದನ್ನು ಅಷ್ಟು ಕಾಲ ಹುಳು ಹಿಡಿಯದಂತೆ ಕಾಯಿತು? ಅವರ ಹತ್ತಿರ ಕೂತು ಒಂದು ಹಾಳೆ ಬರೆಸಿಕೊಂಡಿದ್ದರೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಇದಕ್ಕೆ ತದ್ವಿರುದ್ಧವಾದ ಕಥೆ ಅಮೃತಸರದ್ದು. 2017ರಲ್ಲಿ ಅಲ್ಲಿನ ಪುರಭವನದಲ್ಲಿ ತೆರೆದ ವಿಭಜನೆಯ ವಸ್ತುಸಂಗ್ರಹಾಲಯ ಬಹುಪಾಲು ಕುಟುಂಬಗಳು ಕೊಟ್ಟ ವಸ್ತುಗಳಿಂದಲೇ ತುಂಬಿದೆ. ಒಂದು ಫುಲ್ಕಾರಿ ಕಸೂತಿಯ ಕೋಟು, ಒಂದು ಚರ್ಮದ ಪೆಟ್ಟಿಗೆ. ಎರಡೂ ಬೇರೆ ಬೇರೆಯಾಗಿ ನೋಡಿದರೆ ಸಾಧಾರಣ ವಸ್ತುಗಳು. ಮದುವೆ ನಿಶ್ಚಯವಾಗಿದ್ದ ಹುಡುಗ, ಹುಡುಗಿ ಗಲಭೆಯಲ್ಲಿ ಚದುರಿ, ಒಬ್ಬೊಬ್ಬರು ಒಂದೊಂದನ್ನು ಹಿಡಿದು ಗಡಿ ದಾಟಿ, ಅಮೃತಸರದ ನಿರಾಶ್ರಿತರ ಶಿಬಿರದಲ್ಲಿ ಮತ್ತೆ ಎದುರಾದರು ಎಂಬುದು ಗೊತ್ತಿರುವುದರಿಂದಲೇ ಜನ ಅವುಗಳ ಮುಂದೆ ಕಣ್ಣೊರೆಸಿಕೊಳ್ಳುತ್ತಾರೆ.

ಹಾಗಾದರೆ ಬರೆಯುವುದು ಹೇಗೆ? ಹಿರಿಯರನ್ನು ‘ಇದು ಎಷ್ಟು ವರ್ಷ ಹಳೆಯದು’ ಎಂದು ಕೇಳಬೇಡಿ. ‘ಇನ್ನೂರು ವರ್ಷ ಆಗಿರಬೇಕು’ ಎಂಬ ಉತ್ತರ ಬರುತ್ತದೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ‘ಅವ್ವಾ, ಇದು ನಿನ್ನ ಲಗ್ನದ ಮುಂಚೆ ಈ ಮನಿಯಾಗ ಇತ್ತೇನು? ಯಾರು ತಂದಿದ್ದರು? ಎಲ್ಲಿ ಇಡ್ತಿದ್ರಿ? ಯಾವಾಗ ಬಳಸೋದು ಬಿಟ್ರಿ?’ ಎಂದು ಕೇಳಿ. ಇಸವಿ ನೆನಪಿಲ್ಲದವರಿಗೂ ಘಟನೆ ನೆನಪಿರುತ್ತದೆ. 1972ರ ಬರದ ಮುಂಚೆಯೋ ಆಮೇಲೋ, ಏಕೀಕರಣದ ಹೊತ್ತಿಗೆ ಇತ್ತೋ ಇಲ್ಲವೋ, ದೊಡ್ಡ ಅಕ್ಕ ಹುಟ್ಟಿದ್ದಳೋ ಇಲ್ಲವೋ. ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅದನ್ನು ತಿದ್ದಿ ಶಿಷ್ಟ ಕನ್ನಡ ಮಾಡಲು ಹೋಗಬೇಡಿ. ಅಜ್ಜಿ ಆ ವಸ್ತುವಿನ ಭಾಗಗಳಿಗೆ ಬಳಸುವ ಹೆಸರುಗಳು ಕೆಲವೊಮ್ಮೆ ನಿಘಂಟಿನಲ್ಲೂ ಸಿಗುವುದಿಲ್ಲ.

ಆಮೇಲೆ ಒಂದು ಹಾಳೆಯಲ್ಲಿ ಹೀಗೆ ಬರೆಯಬಹುದು: ‘ಈ ಹಿತ್ತಾಳೆ ಸೇರು ಮತ್ತು ಪಾವು ನಮ್ಮ ಮುತ್ತಜ್ಜನ ಕಾಳಿನ ಅಂಗಡಿಯವು. ಅಂಗಡಿ ಮುದ್ದೇಬಿಹಾಳ ತಾಲ್ಲೂಕಿನ ನಮ್ಮ ಊರಿನಲ್ಲಿ ಹನುಮಪ್ಪನ ಗುಡಿಯ ಎದುರಿಗಿತ್ತು. ಕಿಲೋ ಬಂದ ಮೇಲೆ ಅಂಗಡಿಯಲ್ಲಿ ಇವನ್ನು ಬಳಸುವುದು ನಿಂತಿತು. ಮನೆಯಲ್ಲಿ ಅಜ್ಜಿ ಜೋಳ ಅಳೆಯಲು ಕೊನೆಯವರೆಗೆ ಇದನ್ನೇ ಬಳಸುತ್ತಿದ್ದರು. ಇದನ್ನು ನಾನು ಕಂಡಿದ್ದೇನೆ. ಅಂಗಡಿಯ ವಿಷಯ ಅಪ್ಪನಿಂದ ಕೇಳಿದ್ದು.’ ಇಷ್ಟು ಸಾಕು. ಮೆಟ್ರಿಕ್ ತೂಕ ದೇಶದಲ್ಲಿ 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಜಾರಿಗೆ ಬಂದದ್ದರಿಂದ, ‘ಕಿಲೋ ಬಂದ ಮೇಲೆ’ ಎಂಬ ಒಂದೇ ಮಾತಿನಿಂದ ಮ್ಯೂಸಿಯಂನವರು ಕಾಲ ಕಟ್ಟಿಕೊಳ್ಳುತ್ತಾರೆ. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರೆ ಬೇರೆ ಹೇಳಿರುವುದು ಈ ಟಿಪ್ಪಣಿಯ ದೊಡ್ಡ ಗುಣ. ವಸ್ತು ಬಳಕೆಯಲ್ಲಿದ್ದ ಹಳೆಯ ಫೋಟೋ ಸಿಕ್ಕರೆ ಅದರ ಪ್ರತಿಯನ್ನೂ ಸೇರಿಸಿ.

ತೊಳೆಯಬೇಡಿ, ಹೊಳಪು ಕೊಡಬೇಡಿ

ದಾನ ಕೊಡುವಾಗ ಚೆನ್ನಾಗಿ ಕಾಣಲಿ ಎಂದು ಹುಣಸೆಹಣ್ಣು ಹಚ್ಚಿ ತಿಕ್ಕುವುದು ನಮ್ಮ ಸಂಸ್ಕಾರ. ಇಲ್ಲಿ ಮಾತ್ರ ಕೈ ಬಿಗಿಹಿಡಿಯಬೇಕು. ಹಿತ್ತಾಳೆ, ತಾಮ್ರದ ಮೇಲೆ ಕಾಲ ಕೂರಿಸಿದ ಕಂದು ಪದರ ಹೋದರೆ ಮತ್ತೆ ಬಾರದು. ತಳದಲ್ಲಿ ಕೆತ್ತಿಸಿದ ಹೆಸರು, ಅಳತೆಯ ಮುದ್ರೆ ತಿಕ್ಕಿ ತಿಕ್ಕಿ ಸವೆಯುತ್ತವೆ. ಒಣ ಮೆತ್ತನೆ ಬ್ರಷ್‌ನಿಂದ ಧೂಳು ಕೊಡವಿದರೆ ಸಾಕು.

ಎಲ್ಲಕ್ಕಿಂತ ಹೆಚ್ಚು ಅಪಾಯದಲ್ಲಿರುವುದು ಕಡತ, ಅಂದರೆ ಬಟ್ಟೆಯ ಮೇಲೆ ಬರೆದ ಲೆಕ್ಕದ ಪುಸ್ತಕ. ನಮ್ಮ ಕಡೆಯ ವ್ಯಾಪಾರಿ ಮನೆ, ಶಾನುಭೋಗರ ಮನೆ, ಮಠಗಳಲ್ಲಿ ಇವು ಇರುತ್ತಿದ್ದವು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಕರಗಳು. ಬಟ್ಟೆಗೆ ಹುಣಸೆ ಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಮೇಲೂ ಕೆಳಗೂ ಹಲಗೆ ಕೊಡುತ್ತಿದ್ದರು. ಬರೆಯುತ್ತಿದ್ದದ್ದು ಬಳಪದಿಂದ. ಲೆಕ್ಕ ತೀರಿದ ಮೇಲೆ ಒರೆಸಿ ಮತ್ತೆ ಬರೆಯಬಹುದಾಗಿತ್ತು, ಅದಕ್ಕೆಂದೇ ಮಾಡಿದ್ದು. ಇವತ್ತು ಅದೇ ಕಂಟಕ. ಧೂಳು ಕೂತ ಕಪ್ಪು ಬಟ್ಟೆ ಎಂದು ಒದ್ದೆ ಅರಿವೆಯಲ್ಲಿ ಒಮ್ಮೆ ಒರೆಸಿದರೆ ನೂರೈವತ್ತು ವರ್ಷದ ಲೆಕ್ಕ, ಸಾಲ, ದಾನ, ಜಮೀನಿನ ವಿವರ ಎಲ್ಲ ಒಂದೇ ಏಟಿಗೆ ಮಾಯ. ಕಡತ ಸಿಕ್ಕರೆ ಬಿಚ್ಚಲೂ ಹೋಗಬೇಡಿ. ಮಡಿಕೆಯ ಅಂಚಿನಲ್ಲಿ ಲೇಪ ಉದುರುತ್ತದೆ. ಹಲಗೆ ಸಮೇತ ಹತ್ತಿ ಬಟ್ಟೆಯಲ್ಲಿ ಸುತ್ತಿ, ಅಡ್ಡ ಮಲಗಿಸಿ, ಇದ್ದ ಹಾಗೆಯೇ ತಜ್ಞರಿಗೆ ತೋರಿಸಿ.

ಕಾಗದ, ತಾಳೆಗರಿಗಳಿಗೂ ಇದೇ ಮಾತು. ಲ್ಯಾಮಿನೇಷನ್ ಬೇಡ, ಸೆಲ್ಲೋಟೇಪ್ ಬೇಡ, ಗರಿಗೆ ಮನೆಯಲ್ಲಿದ್ದ ಯಾವುದೋ ಎಣ್ಣೆ ಸವರುವುದು ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿಟ್ಟರೆ ಪುಣೆಯ ಮಳೆಗಾಲದಲ್ಲಿ ಒಳಗೇ ಬೂಷ್ಟು ಹಿಡಿಯುತ್ತದೆ. ಫೋಟೋದ ಹಿಂದೆ ಹೆಸರು ಬರೆಯುವುದಾದರೆ ಮೆತ್ತನೆ ಪೆನ್ಸಿಲ್ಲಿನಿಂದ, ಅಂಚಿನಲ್ಲಿ. ಇಳಕಲ್ ಸೀರೆಯನ್ನು ಮಡಚಿಡದೆ ಹತ್ತಿ ಬಟ್ಟೆ ಸುತ್ತಿದ ಕೊಳವೆಗೆ ಸುರುಳಿ ಮಾಡಿ. ಅದರ ಮೇಲೆ ಕಸೂತಿ ಇದ್ದರೆ ಯಾರೋ ಹೇಳಿದರೆಂದು ಹಿಂದೆ ಅಸ್ತರ್ ಹೊಲಿಸಬೇಡಿ. ಗಂಟಿಲ್ಲದೆ, ಎರಡೂ ಬದಿ ಒಂದೇ ತೆರನಾಗಿ ಬರುವ ಗವಂತಿ ಹೊಲಿಗೆಯ ಜಾಣ್ಮೆ ಕಾಣುವುದು ಹಿಂಬದಿಯನ್ನು ತಿರುವಿ ನೋಡಿದಾಗಲೇ.

ಯಾವುದನ್ನು ಎಲ್ಲಿಗೆ

ಹತ್ತಿರ ಇದೆ ಎಂಬ ಕಾರಣಕ್ಕೆ ಎಲ್ಲವನ್ನೂ ಪುಣೆಯಲ್ಲೇ ಕೊಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ವಸ್ತು ಬದುಕಿದ ಪ್ರದೇಶದ ಮ್ಯೂಸಿಯಂ ಮೊದಲ ಆಯ್ಕೆಯಾಗಬೇಕು. ಅಲ್ಲಿ ಅದನ್ನು ಗುರುತಿಸುವವರು, ಹೋಲಿಸಿ ನೋಡುವವರು ಇರುತ್ತಾರೆ. ಧಾರವಾಡ ಸೀಮೆಯ ಶಾಸನ, ಹಸ್ತಪ್ರತಿ, ಪುರಾತನ ವಸ್ತುಗಳಿಗೆ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆ ಇದೆ, 1939ರಿಂದ ಕೆಲಸ ಮಾಡುತ್ತಿದೆ. ತಾಳೆಗರಿ, ಕಾಗದದ ಕನ್ನಡ ಹಸ್ತಪ್ರತಿಗಳಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಒಕ್ಕಲುತನದ ಸಲಕರಣೆ, ಬಯಲಾಟದ ವೇಷಭೂಷಣ, ಅಡಿಗೆಮನೆಯ ಪಾತ್ರೆಪಡಗಗಳಿಗೆ ಎಚ್.ಎಲ್. ನಾಗೇಗೌಡರು ರಾಮನಗರದ ಹತ್ತಿರ ಕಟ್ಟಿದ ಜಾನಪದ ಲೋಕ, ಮೈಸೂರು ವಿಶ್ವವಿದ್ಯಾಲಯದ ಜಯಲಕ್ಷ್ಮಿ ವಿಲಾಸದ ಜಾನಪದ ಸಂಗ್ರಹಾಲಯ. ಇಡೀ ಮನೆಗಳನ್ನೇ ಬಿಚ್ಚಿ ತಂದು ಮರುಜೋಡಿಸಿದ ವಿಜಯನಾಥ ಶೆಣೈ ಅವರ ಮಣಿಪಾಲದ ಹಸ್ತಶಿಲ್ಪವನ್ನು, ಊರಮನೆಯ ಕಂಬ ಬಾಗಿಲುಗಳನ್ನು ಮಾರುವ ಮುನ್ನ ಒಮ್ಮೆ ನೋಡಿ ಬರಬೇಕು. ಪುಣೆಯ ಕೋಥ್ರೂಡಿನಲ್ಲಿದ್ದ ಮಸ್ತಾನಿ ಮಹಲನ್ನು ಕೇಳ್ಕರ್ ಅವರು ತಮ್ಮ ಸಂಗ್ರಹಾಲಯದೊಳಗೆ ತಂದು ನಿಲ್ಲಿಸಿದ್ದೂ ಇದೇ ಹಂಬಲದಿಂದ.

ಪುಣೆಗೇ ಸೇರಬೇಕಾದವೂ ಇವೆ. ಬೆಳಗಾವಿ, ಧಾರವಾಡ, ವಿಜಯಪುರ ಕಡೆಯ ಹಳೆಯ ಮನೆಗಳಲ್ಲಿ ಮರಾಠಿಯ ಹಳೆಯ ಮೋಡಿ ಲಿಪಿಯ ಕಾಗದಗಳು ಸಾಮಾನ್ಯ. ಮನೆಯಲ್ಲಿ ಓದಬಲ್ಲವರಿಲ್ಲ, ಆದ್ದರಿಂದ ರದ್ದಿ ಎಂದು ತೀರ್ಮಾನವಾಗುತ್ತದೆ. 1910ರಲ್ಲಿ ವಿ.ಕಾ. ರಾಜವಾಡೆ, ಖಂಡೇರಾವ್ ಮೆಹೆಂದಳೆ ಸೇರಿ ಸದಾಶಿವ ಪೇಟೆಯಲ್ಲಿ ಕಟ್ಟಿದ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿ ಇಂಥ ಕಾಗದಗಳು ಲಕ್ಷಗಟ್ಟಲೆ ಇವೆ, ಓದುವವರೂ ಇದ್ದಾರೆ. ರಾಜವಾಡೆ ಊರೂರು ಅಲೆದು, ಮನೆತನಗಳ ಬಾಗಿಲು ತಟ್ಟಿ, ದಫ್ತರಗಳನ್ನು ಬೇಡಿ ತಂದು 22 ಸಂಪುಟ ಅಚ್ಚು ಹಾಕಿಸಿದವರು. ಮೂಲ ಕೊಡದಿದ್ದರೂ ಚಿಂತೆಯಿಲ್ಲ, ಅದು ಏನೆಂದು ಓದಿಸಿಕೊಂಡು ಬನ್ನಿ. ಆಮೇಲೆ ಯಾವ ರಾಜ್ಯದ ಪತ್ರಾಗಾರಕ್ಕೆ ಸಲ್ಲಬೇಕು ಎಂದು ನಿರ್ಧರಿಸಿ. ಸಂಸ್ಕೃತ ಹಸ್ತಪ್ರತಿಗಳ ಬಗ್ಗೆ ಕೇಳಲು 1917ರ ಭಂಡಾರ್ಕರ್ ಸಂಸ್ಥೆ ಇದೇ ಊರಿನಲ್ಲಿದೆ.

ಕೊಡುವ ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿ ಅಥವಾ ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಅಣ್ಣ ತಮ್ಮ ಅಕ್ಕ ತಂಗಿಯರೆಲ್ಲರಿಗೂ ಹಂಚಿ. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು ಮುಠಾ ನದಿ ಪುಣೆಯ ಪೇಟೆಗಳಿಗೆ ನುಗ್ಗಿತು. 2004ರ ಜನವರಿ 5ರಂದು ಗುಂಪೊಂದು ಭಂಡಾರ್ಕರ್ ಸಂಸ್ಥೆಯೊಳಗೇ ನುಗ್ಗಿ ಗ್ರಂಥ, ಹಸ್ತಪ್ರತಿಗಳನ್ನು ಹಾಳುಗೆಡವಿತು. ಒಂದೇ ಪ್ರತಿ ಒಂದೇ ಕಡೆ ಇರುವುದು ಮನೆಯಲ್ಲೂ ಕ್ಷೇಮವಲ್ಲ, ಸಂಸ್ಥೆಯಲ್ಲೂ ಕ್ಷೇಮವಲ್ಲ.

ಕಾನೂನು ಎಲ್ಲಿ ಅಡ್ಡ ಬರುತ್ತದೆ

1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಚಿತ್ರ, ಕರಕುಶಲ ವಸ್ತುಗಳೂ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳೂ ಪುರಾತನ ವಸ್ತುಗಳು. ಇವನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧವಲ್ಲ. ಆದರೆ ಕಲ್ಲು, ಲೋಹ, ಮರ, ದಂತದ ಶಿಲ್ಪಗಳು, ಚಿತ್ರಪಟಗಳು, ಚಿತ್ರಸಹಿತ ಹಸ್ತಪ್ರತಿಗಳಂಥ ಕೆಲವು ಬಗೆಗಳನ್ನು ಭಾರತೀಯ ಪುರಾತತ್ವ ಇಲಾಖೆಯ ನೋಂದಣಿ ಅಧಿಕಾರಿಯಲ್ಲಿ ನೋಂದಾಯಿಸಬೇಕು, ಕೈ ಬದಲಾದಾಗ ತಿಳಿಸಬೇಕು. ಅಮೆರಿಕದಲ್ಲಿರುವ ಮಗಳ ಗೃಹಪ್ರವೇಶಕ್ಕೆ ಜಗಲಿಯ ಹಳೆಯ ಪಂಚಲೋಹದ ಮೂರ್ತಿಯನ್ನು ಸೂಟ್‌ಕೇಸಿನಲ್ಲಿ ಇಟ್ಟು ಕಳಿಸುವವರು ಇದನ್ನು ಗಮನಿಸಬೇಕು. ಪುರಾತನ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆ ಇದೆ. ನೂರು ವರ್ಷ ಆಗಿಲ್ಲ ಎಂದು ಖಚಿತವಿದ್ದರೆ, ಇದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಅದೇ ಇಲಾಖೆಯಿಂದ ಪಡೆದು ಕಳಿಸಿ.

ಮನೆ ಕೆಡವುವಾಗ, ಪಾಯ ತೋಡುವಾಗ ನೆಲದಡಿ ನಾಣ್ಯವೋ ಬಂಗಾರವೋ ಸಿಕ್ಕರೆ ಅದು ದಾನ ಕೊಡಲು ನಿಮ್ಮದಲ್ಲ. ನಿಧಿ ಕಾಯ್ದೆಯಡಿ ಜಿಲ್ಲಾಧಿಕಾರಿಗೆ ತಿಳಿಸಬೇಕು. ಹುಲಿ ಉಗುರಿನ ಪದಕ, ಜಿಂಕೆ ಕೊಂಬು, ಚರ್ಮ, ದಂತದ ವಸ್ತು ಇದ್ದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುತ್ತದೆ. ಮಾಲೀಕತ್ವದ ಪ್ರಮಾಣಪತ್ರವಿಲ್ಲದೆ ಇಟ್ಟುಕೊಳ್ಳುವಂತಿಲ್ಲ, ಅಜ್ಜನ ಕಾಲದ್ದು ಎಂಬ ಸಮಜಾಯಿಷಿ ನಡೆಯುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ಹುಲಿ ಉಗುರಿನ ಪ್ರಕರಣಗಳು ಎಷ್ಟು ಸದ್ದು ಮಾಡಿದವು ಎಂಬುದು ಎಲ್ಲರಿಗೂ ನೆನಪಿದೆ. ಮೊದಲು ಅರಣ್ಯ ಇಲಾಖೆ, ಆಮೇಲೆ ಮ್ಯೂಸಿಯಂ. ಖಡ್ಗ, ನಾಡಬಂದೂಕು ಇದ್ದರೆ ಊರಿನ ಪೊಲೀಸ್ ಠಾಣೆಯಲ್ಲಿ ವಿಚಾರಿಸದೆ ಕಾರಿನ ಡಿಕ್ಕಿಯಲ್ಲಿ ಪುಣೆಗೆ ತರಬೇಡಿ.

ಕೊಡುವ ಕ್ರಮ

ವಸ್ತು ಹೊತ್ತುಕೊಂಡು ನೇರ ಹೋಗಿ ಕೌಂಟರಿನಲ್ಲಿ ಇಡಬೇಡಿ. ಮುಂಚೆ ಕ್ಯುರೇಟರ್‌ಗೆ ಪತ್ರ ಬರೆಯಿರಿ. ನಾಲ್ಕು ಬದಿಯ ಫೋಟೋ, ಅಳತೆ, ನೀವು ಬರೆದ ವೃತ್ತಾಂತದ ಹಾಳೆ ಜೊತೆಗಿರಲಿ. ಅವರ ಸಮಿತಿ ನೋಡಿ ಹೇಳುವವರೆಗೆ ಕಾಯಬೇಕಾಗುತ್ತದೆ. ನೋಡಲೆಂದು ಬಿಟ್ಟು ಬರುವುದಾದರೆ ತಾತ್ಕಾಲಿಕ ರಸೀದಿ ಪಡೆಯಿರಿ.

ಚರ ವಸ್ತುವಿನ ದಾನ ಕಾನೂನಿನ ದೃಷ್ಟಿಯಲ್ಲಿ ಕೊಟ್ಟು, ಅವರು ಸ್ವೀಕರಿಸಿದ ಕೂಡಲೇ ಪೂರ್ಣವಾಗುತ್ತದೆ, ಸಾಮಾನ್ಯವಾಗಿ ಹಿಂದಕ್ಕೆ ಪಡೆಯಲು ಬರುವುದಿಲ್ಲ. ಆದ್ದರಿಂದಲೇ ಸಹಿ ಹಾಕುವ ಮುಂಚೆ ಪಾಲುದಾರರೆಲ್ಲರ ಒಪ್ಪಿಗೆ ಬರಹದಲ್ಲಿ ಇರಬೇಕು, ಮದುವೆಯಾಗಿ ಹೋದ ಅಕ್ಕ ತಂಗಿಯರದ್ದೂ ಸೇರಿ. ದಾನಪತ್ರದಲ್ಲಿ ವಸ್ತುವಿನ ವಿವರ, ದಾನಿಯ ಹೆಸರನ್ನು ಹೇಗೆ ಬರೆಯಬೇಕು, ಫೋಟೋ ಮತ್ತು ಬರಹ ಬಳಸಲು ಅನುಮತಿ ಇವು ಸ್ಪಷ್ಟವಾಗಿರಲಿ. ಮನಸ್ಸು ಗಟ್ಟಿಯಾಗಿಲ್ಲದಿದ್ದರೆ ಕೆಲವು ವರ್ಷಕ್ಕೆಂದು ಕಡ ಕೊಡುವ ಒಪ್ಪಂದವೂ ಇದೆ, ಆದರೆ ಚಿಕ್ಕ ಮ್ಯೂಸಿಯಂಗಳು ಅದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಆದಾಯ ತೆರಿಗೆಯ ರಿಯಾಯಿತಿ ಹಣದ ರೂಪದ ದಾನಕ್ಕೆ ಮಾತ್ರ, ವಸ್ತುವಿಗೆ ಸಿಗದು.

‘ಯಾವಾಗಲೂ ಪ್ರದರ್ಶನದಲ್ಲಿ ಇಡಬೇಕು’ ಎಂಬ ಷರತ್ತು ಹಾಕಬೇಡಿ. ಕೇಳ್ಕರ್ ಸಂಗ್ರಹಾಲಯದಲ್ಲೇ ಇಪ್ಪತ್ತು ಸಾವಿರದಲ್ಲಿ ಒಂದು ಹೊತ್ತಿಗೆ ಜನ ನೋಡುವುದು ಎರಡೂವರೆ ಸಾವಿರದಷ್ಟು. ಪ್ರದರ್ಶನದ ಬದಲು ನೋಂದಣಿ ಕೇಳಿ. ಪ್ರತಿ ಮ್ಯೂಸಿಯಂನಲ್ಲಿ ಸ್ವೀಕೃತಿ ಪುಸ್ತಕ ಇರುತ್ತದೆ. ಅದರಲ್ಲಿ ಬಂದ ವರ್ಷ, ಕ್ರಮಸಂಖ್ಯೆ, ದಾನಿಯ ಹೆಸರು ಏರಿ, ಆ ಸಂಖ್ಯೆಯನ್ನೇ ವಸ್ತುವಿನ ಕಣ್ಣಿಗೆ ಬೀಳದ ಜಾಗದಲ್ಲಿ ಬರೆಯುತ್ತಾರೆ. ನಾಳೆ ಒಬ್ಬ ವಿದ್ಯಾರ್ಥಿ ಉತ್ತರ ಕರ್ನಾಟಕದ ಅಳತೆಗಳ ಬಗ್ಗೆ ಕೆಲಸ ಮಾಡುವಾಗ ಉಗ್ರಾಣದಲ್ಲಿರುವ ನಿಮ್ಮ ಸೇರು ಅವನ ಕೈಗೆ ಸಿಗುವುದು ಆ ಸಂಖ್ಯೆಯಿಂದ. ಸಂಖ್ಯೆ ಕೊಡದ, ಪುಸ್ತಕ ತೋರಿಸದ ಸಂಸ್ಥೆಗೆ, ಅದು ಎಷ್ಟೇ ದೊಡ್ಡ ಹೆಸರಿನದಾದರೂ, ನಾನಂತೂ ಕೊಡಿ ಎನ್ನಲಾರೆ.

ಬೇಡ ಎಂದರೆ ಬೇಸರ ಬೇಡ. ಅಂಥ ಹತ್ತು ಹಂಡೆ ಅವರಲ್ಲಿ ಆಗಲೇ ಇರಬಹುದು. ಟಿಪ್ಪಣಿ, ಫೋಟೋ, ಅಜ್ಜಿಯ ರೆಕಾರ್ಡಿಂಗ್ ಇಟ್ಟುಕೊಳ್ಳುತ್ತೀರಾ ಎಂದು ಕೇಳಿ. ವಸ್ತುವನ್ನು ಊರಿನ ಶಾಲೆಗೋ ಮಠಕ್ಕೋ ಕೊಡಬಹುದು.

ಇದನ್ನು ಒಬ್ಬೊಬ್ಬರೇ ಮಾಡುವುದಕ್ಕಿಂತ ಹೌಸಿಂಗ್ ಸೊಸೈಟಿಗಳಲ್ಲಿ ಸೇರಿ ಮಾಡಿದರೆ ಕೆಲಸ ಹಗುರ. ಯುರೋಪಿನಲ್ಲಿ ಮೊದಲ ಮಹಾಯುದ್ಧದ ನೆನಪುಗಳನ್ನು ಸೇರಿಸುವಾಗ 2011ರಿಂದ ಜನ ತಮ್ಮ ವಸ್ತುಗಳನ್ನು ತಂದು ತೋರಿಸುವ ದಿನಗಳನ್ನು ನಡೆಸಿದರು. ಜನ ಮನೆಯಲ್ಲಿದ್ದ ಪತ್ರ, ಪದಕಗಳನ್ನು ಗ್ರಂಥಾಲಯಕ್ಕೆ ತಂದರು, ಅಲ್ಲಿಯೇ ಫೋಟೋ ತೆಗೆದು ಕಥೆ ಬರೆದುಕೊಂಡರು, ವಸ್ತುವನ್ನು ಜನ ಮರಳಿ ಮನೆಗೆ ಒಯ್ದರು. ಮಗರಪಟ್ಟಾದ ಕ್ಲಬ್‌ಹೌಸಿನಲ್ಲಿ ದೀಪಾವಳಿ ಕಳೆದ ಒಂದು ಭಾನುವಾರ, ಮಳೆಯ ತೇವ ಆರಿದ ಮೇಲೆ, ಕನ್ನಡ, ಮರಾಠಿ, ತೆಲುಗು ಮನೆಗಳವರೆಲ್ಲ ಒಂದೊಂದು ವಸ್ತು ತರಬಹುದು. ಒಂದು ಮೇಜಿಗೆ ಫೋಟೋ, ಇನ್ನೊಂದು ಮೇಜಿಗೆ ಬರವಣಿಗೆ. ಮೋಡಿ ಓದುವ ಒಬ್ಬರನ್ನೂ ಮ್ಯೂಸಿಯಂ ಅನುಭವವಿರುವ ಒಬ್ಬರನ್ನೂ ಕರೆಸಿ. ಬರೆದುಕೊಳ್ಳುವ ಕೆಲಸಕ್ಕೆ ಹೈಸ್ಕೂಲು ಮಕ್ಕಳನ್ನು ಕೂರಿಸಿ, ಆ ವಯಸ್ಸಿನವರು ಕೇಳುವ ಪ್ರಶ್ನೆಗೆ ಅಜ್ಜಿಯಂದಿರು ಉತ್ತರ ಕೊಡುವುದೇ ಬೇರೆ. ಬೆಲೆ ಕಟ್ಟುವ ಮಾತು ಮಾತ್ರ ಅಲ್ಲಿ ಬೇಡವೇ ಬೇಡ. ಬೆಲೆಯ ಸುದ್ದಿ ಬಂದ ಕೂಡಲೇ ವ್ಯಾಪಾರಿಗಳು ಬರುತ್ತಾರೆ.

ಕೊಟ್ಟು ಬಂದ ಮೇಲೆ ವರ್ಷಕ್ಕೊಮ್ಮೆ ಸ್ವೀಕೃತಿ ಸಂಖ್ಯೆ ಹೇಳಿ ವಿಚಾರಿಸಿ. ಮನೆ ಬದಲಿಸಿದರೆ ಹೊಸ ವಿಳಾಸ ತಿಳಿಸಿ, ನಿಮ್ಮ ನಂತರ ಯಾರನ್ನು ಸಂಪರ್ಕಿಸಬೇಕು ಎಂದೂ ಬರೆದು ಕೊಡಿ. ಊರಿನಲ್ಲಿ ಹಳೆಯ ಫೋಟೋವೋ ಮತ್ತೊಂದು ಕಾಗದವೋ ಸಿಕ್ಕು, ಆ ವಸ್ತುವಿನ ಬಗ್ಗೆ ಹೊಸದೇನಾದರೂ ತಿಳಿದರೆ, ಅದೇ ಸಂಖ್ಯೆ ಹಾಕಿ ಕಳಿಸಿಕೊಡಿ. ಅವರ ಕಡತಕ್ಕೆ ಇನ್ನೊಂದು ಹಾಳೆ ಸೇರುತ್ತದೆ.